ನಾಲ್ವರಿಗೊಂದು ಕೋಟು

ಡಬ್ಬಿಗಳು ಮೂರು. ರೈಲಿನಲ್ಲಿ ಬಂದವು,
ಒಂದರ ಮುಚ್ಚಳ ಸೊಟ್ಟ. ಮೇಲೊಂದು ಚೀಟಿ:
ಫ್ರೆಂಚ್, ಕಪ್ಪು ಬಿಳುಪು, ಹಾಸ್ಯ.
ಅಡಿಬರಹ ಇಲ್ಲ ಅನ್ನುವುದನ್ನು ಚೀಟಿ ಹೇಳಲಿಲ್ಲ.

ದುರ್ಗಿಗುಡಿಯ ಶಾಲೆಯ ಹಾಲ್, ಬೆಂಚುಗಳು ನಮ್ಮವೇ.
ಪ್ರೊಜೆಕ್ಟರು ಕೃಷಿ ಇಲಾಖೆಯದು.
ಅದುವರೆಗೆ ಅದು ತೋರಿಸಿದ್ದು ಬರೀ
ಯೂರಿಯಾ ಹಾಕುವ ಕ್ರಮ, ಭತ್ತದ ಬೆಂಕಿರೋಗ.
ಗಫಾರ್ ಸಾಬರು ಲೆನ್ಸನ್ನು
ಕನ್ನಡಕದ ಬಟ್ಟೆಯಲ್ಲೇ ಒರೆಸಿ
‘ಪ್ಯಾರಿಸ್ಸೋ ಗೀರಿಸ್ಸೋ, ಇರೋದು ಒಂದೇ ಬಲ್ಬು,
ಬೇಗ ನೋಡಿ ಮುಗಿಸಿ’ ಅಂದರು.

ಭಾಷೆ ಯಾರಿಗೆ ಬರುತ್ತೆ?
ಗ್ರೆಗರಿ ಪಿಂಟೋ ಕೈ ಎತ್ತಿದ.
ಪಾಂಡಿಚೇರಿಯ ಬೇಕರಿಯಲ್ಲಿ ಆರು ತಿಂಗಳು
ಬನ್ನು ಎಣಿಸಿದ್ದನಂತೆ. ಸಾಕಲ್ಲ.
ಮೈಕು ಕೊಟ್ಟೆವು. ಮೊದಲು ಕೆಮ್ಮಿದ.

ಯುದ್ಧ ಮುಗಿದ ಊರು. ಬ್ರೆಡ್ಡಿಗೆ ಸಾಲು.
ಸಾಲಿನಲ್ಲಿ ನಮ್ಮದೇ ವಯಸ್ಸಿನವರು,
ನಮ್ಮ ಹಾಗೇ ಸುಮ್ಮಸುಮ್ಮನೆ ನಗುವವರು.
ನಾಲ್ವರು ಹುಡುಗರು, ಕೋಟು ಒಂದೇ.
ಸೋಮವಾರ ಒಬ್ಬನ ಇಂಟರ್‌ವ್ಯೂ,
ಮಂಗಳವಾರ ಇನ್ನೊಬ್ಬನ ಪ್ರೇಮ,
ನಾಲ್ಕನೆಯವನು ಕುಳ್ಳ. ತೋಳು ಮಡಚಿ ಮಡಚಿ
ಕೈ ಹೊರಗೆ ಬರುವಷ್ಟರಲ್ಲಿ
ಅವನ ದಿನವೇ ಮುಗಿದಿರುತ್ತಿತ್ತು.

ಎರಡನೇ ಸಾಲಿನ ಹಾಸ್ಟೆಲ್ ಹುಡುಗರು
ಆಗ ಮಾತ್ರ ನಗಲಿಲ್ಲ.
ಅವರಿಗೂ ನಾಲ್ವರಿಗೆ ಒಂದೇ ಬೆಲ್‌ಬಾಟಮ್ ಪ್ಯಾಂಟು,
ಕಂದು ಬಣ್ಣದ್ದು, ಗಾಂಧಿ ಬಜಾರಿನಲ್ಲಿ ಹೊಲಿಸಿದ್ದು.
ಅವತ್ತಿನ ಸರದಿ ತಿಪ್ಪೇಶಿಯದು.
ಮೆಲ್ಲಗೆ ಕಾಲನ್ನು ಬೆಂಚಿನಡಿಗೆ ಎಳೆದುಕೊಂಡ.
ನಾನು ನೋಡಿದೆ.
ನೋಡಲಿಲ್ಲ ಅನ್ನುವ ಹಾಗೆ ಜಡೆ ಬಿಗಿದುಕೊಂಡೆ.

ಪಿಂಟೋ ಹೇಳುತ್ತ ಹೋದ. ಹುಡುಗಿ ಅರ್ಧ ನಿಮಿಷ
ಒಂದೇ ಉಸಿರಿಗೆ ಬೈದದ್ದಕ್ಕೆ ಇವನ ಅನುವಾದ: ‘ಹೂಂ.’
ಹುಡುಗ ಬರೀ ತಲೆ ಅಲ್ಲಾಡಿಸಿದ್ದಕ್ಕೆ
‘ನಿಮ್ಮಪ್ಪ ಒಪ್ಪಬೇಕಲ್ಲ ಮಾರಾಯ್ತಿ,
ನನ್ನ ಹತ್ತಿರ ಎಂತ ಉಂಟು?
ಈ ಕೋಟಿನಲ್ಲಿ ನನ್ನದು ಒಂದೇ ಜೇಬು.’
ಎರಡರ ಬದಲು ಮೂರನೇ ಡಬ್ಬಿ ಸುತ್ತಿಕೊಂಡಿತು,
ಮೊದಲು ಮದುವೆ, ಆಮೇಲೆ ಪರಿಚಯ.
ಪಿಂಟೋ ತಡವರಿಸಲಿಲ್ಲ.
‘ಆ ಕಡೆ ಪದ್ಧತಿಯೇ ಹೀಗೆ’ ಅಂದ.

ಆಗ ಕರೆಂಟು ಹೋಯಿತು.
ಅವಳು ಮೆಟ್ಟಿಲ ಮೇಲೆ ನಿಂತು
ಆಗಷ್ಟೇ ಬಾಯಿ ತೆರೆದಿದ್ದಳು.

ಮೈಕೂ ಸತ್ತಿತ್ತು. ಕತ್ತಲಲ್ಲಿ
ಬರಿಗಂಟಲಲ್ಲೇ ಪಿಂಟೋ ಮುಂದುವರಿಸಿದ:
‘ಅವಳು ಹೇಳ್ತಾಳೆ, ಕೋಟು ಅವರಿಗೇ ಕೊಟ್ಟು ಬಾ.
ಬರೀ ಅಂಗಿಯಲ್ಲಿ ಬಾ. ಚಳಿಯಾದರೆ ನಡೆಯೋಣ,
ನಡೆದರೆ ಬಿಡುತ್ತೆ.’

ಅವನಿಗೆ ಬರುವ ಫ್ರೆಂಚು
ಬನ್ನಿನಷ್ಟೇ ಎಂದು ಎಲ್ಲರಿಗೂ ಆಗ ಗೊತ್ತಾಯಿತು.
ಯಾರೂ ಏಳಲಿಲ್ಲ.
ಬೀಡಿಯ ಕೆಂಪು ಚುಕ್ಕಿಯೊಂದು ಹಿಂದಿನಿಂದ
‘ಆಮೇಲೆ?’ ಅಂತು.

ಮುಂದಿನ ಭಾನುವಾರ ಹೊಳೆಯ ಸೇತುವೆ ಹತ್ತಿರ
ತಿಪ್ಪೇಶಿ ಬಂದು ನಿಂತಿದ್ದ,
ಅಣ್ಣನ ಹಳೇ ಖಾಕಿ, ಮೊಣಕಾಲಿಗೆ ತೇಪೆ.
ನಾನು ಏನೂ ಕೇಳಲಿಲ್ಲ. ನಡೆದೆವು.
ಮದುವೆಗಿದುವೆ ಎಂತದೂ ಆಗಲಿಲ್ಲ,
ಆ ಮಳೆಗಾಲ ಪೂರ್ತಿ ನಡೆದೆವು, ಅಷ್ಟೇ.
ಪಿಂಟೋ ಭದ್ರಾವತಿಯಲ್ಲಿ ಟೈರಿನಂಗಡಿ ಇಟ್ಟ.
ಪ್ಯಾಂಟು ಕೊನೆಗೆ ಯಾರ ಪಾಲಿಗೆ ಹೋಯಿತೋ.

ಮೊನ್ನೆ ಆ ಚಿತ್ರ ಮತ್ತೆ ಸಿಕ್ಕಿತು.
ಡಬ್ಬಿಗಳೆಲ್ಲ ಸರಿಯಾದ ಕ್ರಮದಲ್ಲಿ,
ಕೆಳಗೆ ಬಿಳಿ ಅಕ್ಷರದಲ್ಲಿ ನಿಜವಾದ ಮಾತು.
ಮೆಟ್ಟಿಲ ಮೇಲೆ ಬಾಯಿ ತೆರೆದು
ಅವಳು ಹೇಳುವುದು ಇಷ್ಟೇ:
‘ನಿನ್ನ ಎಡತೋಳಿನ ಗುಂಡಿ ಕಿತ್ತುಹೋಗಿದೆ.’

ಹಿಂದಕ್ಕೆ ತಿರುಗಿಸಿದೆ.
ದನಿ ತೆಗೆದು, ಅಕ್ಷರಗಳ ಮೇಲೆ ಅಂಗೈ ಇಟ್ಟು,
ಪಿಂಟೋ ಕೆಮ್ಮುವುದನ್ನು ಕಾಯುತ್ತ ಕೂತೆ.